ದಫ್ತರದ ಗಂಟಿನಿಂದ ಗಣಕಯಂತ್ರದವರೆಗೆ: ಹೊಲದ ಲೆಕ್ಕ ಕಾದವರ ಕಥೆ

ಹೊಲ ಎಲ್ಲಿದೆ ಎಂದು ಕೇಳಿದರೆ ರೈತ ಕೈಚಾಚಿ ತೋರಿಸುತ್ತಾನೆ. ಹೊಲ ಯಾರದ್ದು ಎಂದು ಕೇಳಿದರೆ ಮಾತ್ರ ಕಾಗದ ಬೇಕಾಗುತ್ತದೆ. ಆ ಕಾಗದವನ್ನು ಬರೆಯುವವರು ಯಾರು, ಬರೆದದ್ದು ಸರಿಯಿದೆಯೇ ಎಂದು ನೋಡುವವರು ಯಾರು, ಬರೆದವರು ಹೋದ ಮೇಲೆ ಅದನ್ನು ಕಾಯುವವರು ಯಾರು ಎಂಬ ಮೂರು ಪ್ರಶ್ನೆಗಳು ಆಡಳಿತದಷ್ಟೇ ಹಳೆಯವು. ಇಂದಿನ ಆಡಳಿತಶಾಸ್ತ್ರ ಮೊದಲನೆಯದನ್ನೂ ಮೂರನೆಯದನ್ನೂ ‘ಜ್ಞಾನ ನಿರ್ವಹಣೆ’ ಎನ್ನುತ್ತದೆ. ಎರಡನೆಯದನ್ನು ‘ಗುಣಮಟ್ಟ ನಿರ್ವಹಣೆ’ ಎನ್ನುತ್ತದೆ. ಹೆಸರು ಹೊಸದಾದರೂ ಹಾವೇರಿ ಜಿಲ್ಲೆಯ ಯಾವುದೇ ಹಳ್ಳಿಯ ಚಾವಡಿಯಲ್ಲಿ ಈ ಕೆಲಸ ನೂರಾರು ವರ್ಷಗಳಿಂದ ನಡೆದುಬಂದಿದೆ. ಅದು ಸರಿಯಾಗಿ ನಡೆದಾಗ ರೈತ ನೆಮ್ಮದಿಯಿಂದ ಉತ್ತಿದ್ದಾನೆ. ಕೆಟ್ಟಾಗ ಕೋರ್ಟಿನ ಮೆಟ್ಟಿಲು ಸವೆಸಿದ್ದಾನೆ.

ರಾಣೆಬೆನ್ನೂರು ತಾಲ್ಲೂಕಿನ ಐರಣಿಯನ್ನೇ ತೆಗೆದುಕೊಳ್ಳಬಹುದು. ತುಂಗಭದ್ರೆಯ ದಂಡೆಯ ಮೇಲಿನ ಈ ಊರಿಗೆ ಹಳೆಯ ಕೋಟೆಯಿದೆ, ಹೊಳೆಮಠದ ಹೆಸರಿದೆ. ಹೊಳೆಯ ಆಚೆಗೆ ಮೈಸೂರು ಸೀಮೆ, ಈಚೆಗೆ ಪೇಶ್ವೆಯರ ಸೀಮೆ ಎಂಬ ಕಾಲದಲ್ಲಿ ಇದು ಗಡಿಯ ನೆಲವಾಗಿತ್ತು. 1800ರ ಜೂನ್ ತಿಂಗಳಲ್ಲಿ ಧೊಂಡಿಯ ವಾಘನನ್ನು ಬೆನ್ನಟ್ಟಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ದಂಡು ಹರಿಹರದ ಬಳಿ ಹೊಳೆ ದಾಟಿ ರಾಣೆಬೆನ್ನೂರಿನ ಕೋಟೆಯನ್ನು ಹಿಡಿದದ್ದು ಇದೇ ಭಾಗದಲ್ಲಿ. 1817–18ರಲ್ಲಿ ಪೇಶ್ವೆಯರ ಆಳ್ವಿಕೆ ಕುಸಿದಾಗ ಥಾಮಸ್ ಮನ್ರೋ ಧಾರವಾಡ ಸೀಮೆಯನ್ನು ಕಂಪೆನಿ ಸರ್ಕಾರದ ಕೈಗೆ ತಂದ. ಮುಂದೆ ಇದು ಮುಂಬಯಿ ಇಲಾಖೆಗೆ ಸೇರಿತು; 1956ರಲ್ಲಿ ವಿಶಾಲ ಮೈಸೂರಿಗೆ ಬಂತು; 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾಯಿತು. ರಾಜರು ಬದಲಾದರು, ಜಿಲ್ಲೆ ಬದಲಾಯಿತು, ಲೆಕ್ಕದ ಭಾಷೆ ಬದಲಾಯಿತು. ಆದರೆ ಪ್ರತಿ ಸಲವೂ ಹೊಸದಾಗಿ ಬಂದವನು ಕೇಳಿದ ಮೊದಲ ಪ್ರಶ್ನೆ ಒಂದೇ: ‘ಈ ಊರಿನಲ್ಲಿ ಎಷ್ಟು ಹೊಲ, ಯಾರ ಹೊಲ, ಎಂಥ ಹೊಲ?’

ಕಲ್ಲಿನ ಮೇಲಿನ ಲೆಕ್ಕ

ಹಾವೇರಿ ಸೀಮೆ ಶಾಸನಗಳ ಸೀಮೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳನ್ನು ಓದಿದರೆ ಅವುಗಳಲ್ಲಿ ಅರ್ಧ ಭಾಗ ರಾಜಪ್ರಶಸ್ತಿ, ಇನ್ನರ್ಧ ಹೊಲದ ಲೆಕ್ಕ. ದೇವಾಲಯಕ್ಕೋ ಮಠಕ್ಕೋ ಬಿಟ್ಟ ಭೂಮಿ ಎಷ್ಟು ಮತ್ತರು, ಅದರ ಮೂಡಲ ಎಲ್ಲೆ ಯಾವುದು, ಪಡುವಲಲ್ಲಿ ಯಾವ ಹಳ್ಳ, ತೆಂಕಲಲ್ಲಿ ಯಾವ ಕಲ್ಲು ಎಂಬ ವಿವರಗಳು ಅಲ್ಲಿವೆ. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಎಷ್ಟೋ ಶಾಸನಗಳು ಅಳತೆಯನ್ನು ಹೇಳಿ ಸುಮ್ಮನಾಗುವುದಿಲ್ಲ. ಯಾವ ಕೋಲಿನಿಂದ ಅಳೆದದ್ದು ಎಂಬುದನ್ನೂ ಹೇಳುತ್ತವೆ. ಬಳ್ಳಿಗಾವೆಯ ಕಡೆ ‘ಭೇರುಂಡ ಗಳೆ’ ಎಂಬ ಅಳತೆಗೋಲು ಪ್ರಸಿದ್ಧವಾಗಿತ್ತು. ಊರಿಗೊಂದು ಕೋಲು ಇದ್ದ ಕಾಲದಲ್ಲಿ ಕೋಲಿನ ಹೆಸರಿಲ್ಲದೆ ಮತ್ತರಿಗೆ ಅರ್ಥವಿರಲಿಲ್ಲ.

ಶಾಸನವನ್ನು ಊರ ನಡುವೆ, ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದ್ದು ಕೂಡ ಆಡಳಿತದ ಜಾಣತನವೇ. ಕಲ್ಲನ್ನು ತಿದ್ದುವುದು ಕಷ್ಟ. ತಿದ್ದಿದರೆ ಅದು ಊರಿಗೆಲ್ಲ ಗೊತ್ತಾಗುತ್ತದೆ. ಧರ್ಮಕ್ಕೆ ತಪ್ಪಿದವನಿಗೆ ಕೊನೆಯಲ್ಲಿ ಶಾಪವೂ ಕಾದಿರುತ್ತಿತ್ತು. ಮಾಹಿತಿಯನ್ನು ಬಹಿರಂಗವಾಗಿಡುವುದು, ಅಳತೆಯ ಆಧಾರವನ್ನು ಹೇಳುವುದು, ತಿದ್ದುವವನಿಗೆ ಭಯ ಹುಟ್ಟಿಸುವುದು ಎಂಬ ಮೂರೂ ಏರ್ಪಾಟುಗಳು ಅಂದೇ ಇದ್ದವು. ಆದರೆ ಕಲ್ಲಿಗೊಂದು ದೊಡ್ಡ ಮಿತಿಯಿತ್ತು. ದಾನ ಕೊಟ್ಟ ದಿನದ ಸ್ಥಿತಿಯನ್ನು ಅದು ಹೇಳಬಲ್ಲದು. ತಂದೆ ಸತ್ತು ಮಕ್ಕಳು ಹಿಸೆಯಾದದ್ದನ್ನು, ಹೊಲ ಮಾರಿದ್ದನ್ನು, ಹೊಳೆ ಉಕ್ಕಿ ದಂಡೆ ಕೊಚ್ಚಿಹೋದದ್ದನ್ನು ಅದು ಹೇಳಲಾರದು. ದಿನದಿನದ ಲೆಕ್ಕಕ್ಕೆ ಬೇರೆ ಸಾಧನ ಬೇಕಾಗಿತ್ತು.

ಕಡತ ಎಂಬ ಮಾತಿನ ಮೂಲ

ಇಂದು ಸರ್ಕಾರಿ ಕಚೇರಿಯ ಫೈಲಿಗೆ ಕನ್ನಡದಲ್ಲಿ ‘ಕಡತ’ ಎನ್ನುತ್ತೇವೆ. ಈ ಮಾತಿನ ಹಿಂದೆ ಒಂದು ವಸ್ತುವಿದೆ. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಹಲಗೆಯಂತೆ ಗಟ್ಟಿ ಮಾಡಿ, ಪದರ ಪದರವಾಗಿ ಮಡಿಸಿದ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬಿಳಿಯಾಗಿ ಬರೆಯುತ್ತಿದ್ದರು. ಒರೆಸಬಹುದಾಗಿತ್ತು, ಮತ್ತೆ ಬರೆಯಬಹುದಾಗಿತ್ತು. ವ್ಯಾಪಾರಿಗಳೂ ಶಾನುಭೋಗರೂ ಮಠಗಳೂ ಇದನ್ನು ಬಳಸಿದವು. ಕಲ್ಲಿಗೆ ಇಲ್ಲದ ಗುಣ ಕಡತಕ್ಕಿತ್ತು: ಬದಲಾದದ್ದನ್ನು ಬರೆದುಕೊಳ್ಳುವ ಗುಣ. ಅದರ ಜೊತೆಗೇ ಕಲ್ಲಿಗೆ ಇಲ್ಲದ ದೋಷವೂ ಬಂತು: ಯಾರೂ ನೋಡದಾಗ ಒರೆಸಿಬಿಡುವ ದೋಷ.

ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಗೌಡ ಅಥವಾ ಪಾಟೀಲ ಊರಿನ ಯಜಮಾನ, ಕುಲಕರ್ಣಿ ಲೆಕ್ಕಿಗ. ಇಬ್ಬರದೂ ವಂಶಪಾರಂಪರ್ಯದ ವತನ. ಮೇಲಿನ ಮಟ್ಟದಲ್ಲಿ ದೇಸಾಯಿ, ದೇಶಪಾಂಡೆಯರು. ಪೇಶ್ವೆಯರ ಕಾಲದಲ್ಲಿ ಮರಾಠಿ ಭಾಷೆಯ ಮೋಡಿ ಲಿಪಿಯ ಬಳಕೆ ಬೆಳೆಯಿತು. ಉತಾರ, ವಾರಸಾ, ಆಕಾರಬಂದ್, ಪೋಟಹಿಸ್ಸಾ, ಖರಾಬು ಎಂಬ ಮಾತುಗಳು ಇಂದಿಗೂ ಉತ್ತರ ಕರ್ನಾಟಕದ ರೈತರ ಬಾಯಲ್ಲಿರುವುದು ಮರಾಠಿ ಮತ್ತು ಪಾರಸಿ ಕಚೇರಿ ಭಾಷೆಯ ಈ ಬಳುವಳಿಯಿಂದ. ಕುಲಕರ್ಣಿಯ ದಫ್ತರ ರುಮಾಲಿನಲ್ಲಿ ಕಟ್ಟಿದ ಗಂಟಾಗಿ ಅವನ ಮನೆಯಲ್ಲಿಯೇ ಇರುತ್ತಿತ್ತು. ಅದು ಸರ್ಕಾರದ ಆಸ್ತಿಯೋ ಮನೆತನದ ಆಸ್ತಿಯೋ ಎಂಬ ಗೆರೆ ಸ್ಪಷ್ಟವಾಗಿರಲಿಲ್ಲ.

ಗಂಟಿನಲ್ಲಿ ಇದ್ದದ್ದಕ್ಕಿಂತ ಹೆಚ್ಚಿನದು ಕುಲಕರ್ಣಿಯ ತಲೆಯಲ್ಲಿತ್ತು. ಯಾವ ಹೊಲಕ್ಕೆ ಯಾವ ದಾರಿ, ಯಾವ ಬದುವಿನ ಬಗ್ಗೆ ಅಜ್ಜನ ಕಾಲದಲ್ಲಿ ಜಗಳವಾಗಿತ್ತು, ಯಾವ ಮನೆತನದಲ್ಲಿ ಎಷ್ಟು ಹಿಸೆ ಎಂಬುದೆಲ್ಲ ಬಾಯಿಪಾಠ. ಇದನ್ನು ಮಗ ತಂದೆಯ ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದ. ತತ್ವಜ್ಞಾನಿ ಮೈಕೆಲ್ ಪೋಲಾನಿ 1960ರ ದಶಕದಲ್ಲಿ ಇಂಥ ತಿಳಿವಳಿಕೆಗೆ ಒಂದು ಹೆಸರು ಕೊಟ್ಟ: ಬಾಯಿಬಿಟ್ಟು ಹೇಳಲಾಗದ, ಕೆಲಸ ಮಾಡುತ್ತ ಮಾತ್ರ ಬರುವ ಮೌನಜ್ಞಾನ. ಜಪಾನಿನ ನೊನಾಕಾ ಮತ್ತು ತಾಕೆಯುಚಿ 1995ರಲ್ಲಿ ಇದೇ ವಿಚಾರವನ್ನು ಕಂಪೆನಿಗಳಿಗೆ ಅನ್ವಯಿಸಿ ಪುಸ್ತಕ ಬರೆದ ಮೇಲೆ ‘ಜ್ಞಾನ ನಿರ್ವಹಣೆ’ ಎಂಬ ಮಾತು ಜಗತ್ತಿನ ಕಚೇರಿಗಳಲ್ಲಿ ಹರಡಿತು. ಅವರು ಹೇಳಿದ ಸಮಸ್ಯೆ ಕುಲಕರ್ಣಿ ಮನೆಯ ಪಡಸಾಲೆಯಲ್ಲಿ ಅದಕ್ಕೂ ಬಹು ಮುಂಚೆಯೇ ಇತ್ತು. ತಿಳಿದವನು ಒಬ್ಬನೇ ಆದರೆ ಅವನೇ ಸರ್ಕಾರ. ಓದಲು ಬಾರದ ರೈತ ಅವನ ಮಾತನ್ನು ನಂಬಬೇಕು. ದೂರದ ಕಲೆಕ್ಟರನೂ ಅವನ ಲೆಕ್ಕವನ್ನೇ ನಂಬಬೇಕು.

ಪ್ರಿಂಗಲ್ ಸೋತ, ವಿಂಗೇಟ್ ಕಲಿತ

ಮಣ್ಣಿನ ಗುಣ ನೋಡಿ ಕಂದಾಯ ಕಟ್ಟುವುದು ಬ್ರಿಟಿಷರು ತಂದ ಹೊಸ ವಿಚಾರವೇನಲ್ಲ. ನೆರೆಯ ಕೆಳದಿ ರಾಜ್ಯದಲ್ಲಿ ಶಿವಪ್ಪ ನಾಯಕ 17ನೇ ಶತಮಾನದ ನಡುವಿನಲ್ಲಿ ತಂದ ‘ಶಿಸ್ತು’ ಹೆಸರಾದದ್ದು. ಊರೂರಿನಲ್ಲಿ ಮಾದರಿ ಹೊಲಗಳನ್ನು ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಇಳುವರಿಯ ಸರಾಸರಿ ನೋಡಿ ಅವನು ಕಂದಾಯ ಗೊತ್ತುಮಾಡಿದನೆಂದು ಪ್ರತೀತಿ.

ಕಂಪೆನಿ ಸರ್ಕಾರದ ಮೊದಲ ಪ್ರಯತ್ನ ಮಾತ್ರ ಕೆಟ್ಟಿತು. 1820ರ ದಶಕದ ಕೊನೆಯಲ್ಲಿ ಪುಣೆ ಜಿಲ್ಲೆಯಲ್ಲಿ ಆರ್. ಕೆ. ಪ್ರಿಂಗಲ್ ಎಂಬ ಅಧಿಕಾರಿ ಭಾರಿ ಸರ್ವೆ ನಡೆಸಿದ. ಪ್ರತಿಯೊಂದು ಹೊಲದ ನಿವ್ವಳ ಉತ್ಪನ್ನವನ್ನು ಲೆಕ್ಕಹಾಕಿ ಅದರ ಗೊತ್ತಾದ ಪಾಲನ್ನು ಕಂದಾಯವಾಗಿ ಕಟ್ಟುವುದು ಅವನ ಗುರಿ. ಅರ್ಥಶಾಸ್ತ್ರದ ಸಿದ್ಧಾಂತ ಚೆನ್ನಾಗಿಯೇ ಇತ್ತು; ಅಂಕಿಗಳೂ ರಾಶಿರಾಶಿಯಾಗಿ ಬಂದವು. ಆದರೆ ಅಂಕಿ ಬರೆದವರ ಮೇಲೆ ಹದ್ದುಬಸ್ತು ಇರಲಿಲ್ಲ. ಅಳತೆ ತಪ್ಪಿತು, ಲಂಚ ನಡೆಯಿತು, ಬಡ ಹೊಲಕ್ಕೆ ಹೆಚ್ಚು ಕಂದಾಯ ಬಿತ್ತು. ರೈತರು ಹೊಲ ಬಿಟ್ಟು ಹೋದರು. ಮಾಹಿತಿ ಹೆಚ್ಚಿದ್ದರೆ ಆಡಳಿತ ಸುಧಾರಿಸುತ್ತದೆ ಎಂಬ ನಂಬಿಕೆಗೆ ಬಿದ್ದ ಮೊದಲ ಪೆಟ್ಟು ಅದು.

ಗೋಲ್ಡ್‌ಸ್ಮಿಡ್ ಮತ್ತು ಜಾರ್ಜ್ ವಿಂಗೇಟ್ 1835–36ರಲ್ಲಿ ಇಂದಾಪುರದಿಂದ ಮತ್ತೆ ಆರಂಭಿಸಿದರು. 1840ರ ದಶಕದಲ್ಲಿ ವಿಂಗೇಟ್ ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದ ಧಾರವಾಡ–ಬೆಳಗಾವಿ ಭಾಗದ ಸರ್ವೆಯ ಮುಖ್ಯಸ್ಥನಾದ. ಇಲ್ಲಿಯ ಅನುಭವವೂ ಸೇರಿ 1847ರಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಮೂವರ ಜಂಟಿ ವರದಿ ಸಿದ್ಧವಾಯಿತು. ಮುಂಬಯಿ ಇಲಾಖೆಯ ರೈತವಾರಿ ಪದ್ಧತಿಗೆಲ್ಲ ಅದೇ ಬುನಾದಿ.

ಅವರು ಮಾಡಿದ್ದೇನು? ಮೊದಲು, ತಿಳಿಯಲಾಗದ್ದನ್ನು ಅಳೆಯುವ ಆಸೆ ಬಿಟ್ಟರು. ನಿವ್ವಳ ಉತ್ಪನ್ನ ಎಂಬುದು ಮಳೆ, ಪೇಟೆ, ರೈತನ ಶಕ್ತಿಗಳನ್ನು ಅವಲಂಬಿಸಿದ್ದು. ಅದನ್ನು ಗುಮಾಸ್ತ ಅಳೆಯಲಾರ. ಆದರೆ ಮಣ್ಣಿನ ಆಳವನ್ನು ಹಾರೆಯಿಂದ ಅಗೆದು ನೋಡಬಹುದು. ಬಣ್ಣವನ್ನು ಕಣ್ಣಿನಿಂದ, ತರಿಯನ್ನು ಬೆರಳಿನಿಂದ ತಿಳಿಯಬಹುದು. ಹೀಗೆ ಮಣ್ಣನ್ನು ಮೂರು ಜಾತಿ ಮಾಡಿದರು. ನುಣುಪಾದ ಕಪ್ಪು ಎರೆ ಮೊದಲನೆಯದು, ಸ್ವಲ್ಪ ಒರಟಾದ ಕೆಂಪು ಛಾಯೆಯದು ಎರಡನೆಯದು, ಗರಸುಮಣ್ಣು ಮೂರನೆಯದು. ಆಳ ಸೇರಿಸಿ ಒಂಬತ್ತು ತರಗತಿ. ಮೊಳದ ಲೆಕ್ಕದಲ್ಲಿ ಒಂದೂಮುಕ್ಕಾಲು ಮೊಳ ಆಳದ ಉತ್ತಮ ಎರೆಗೆ 16 ಆಣೆ. ಅಲ್ಲಿಂದ ಇಳಿಯುತ್ತ ಕೊನೆಯ ತರಗತಿಗೆ 2 ಆಣೆ. ಸುಣ್ಣದ ಕಲ್ಲು ಬೆರೆತಿದೆಯೇ, ಮರಳಿದೆಯೇ, ಇಳಿಜಾರಿದೆಯೇ, ನೀರು ನಿಲ್ಲುತ್ತದೆಯೇ, ಹರಿವ ನೀರಿಗೆ ಕೊಚ್ಚಿಹೋಗುವುದೇ ಮೊದಲಾದ ದೋಷಗಳಿಗೆ ಒಂದೊಂದು ಗುರುತು. ದೋಷವಿದ್ದರೆ ತರಗತಿ ಇಳಿಯುತ್ತದೆ. ತುಂಗಭದ್ರೆಯ ದಂಡೆಯ ಊರುಗಳಿಗೆ ಈ ಕೊನೆಯ ದೋಷದ ಅರ್ಥವನ್ನು ಯಾರೂ ವಿವರಿಸಬೇಕಿರಲಿಲ್ಲ.

ಅಳತೆಯೂ ಏಕರೂಪವಾಯಿತು. 33 ಅಡಿಯ ಸರಪಳಿ. ಅದರಿಂದ ಒಂದು ಚೌಕ ಎಳೆದರೆ ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ. ಊರಿಗೊಂದು ಕೋಲಿನ ಕಾಲ ಮುಗಿಯಿತು. ಹೊಲಕ್ಕೆ ಸರ್ವೆ ನಂಬರು ಬಂತು, ಮೂಲೆಗೆ ಬಾಂದುಕಲ್ಲು ಬಂತು. ರೈತ ಇಂದಿಗೂ ‘ನಮ್ಮ ನಂಬರು’ ಎಂದು ಹೊಲವನ್ನು ಕರೆಯುವುದು ಈ ಸರ್ವೆಯ ನೆನಪೇ.

ಎಲ್ಲಕ್ಕಿಂತ ಮುಖ್ಯವಾದದ್ದು ತಪಾಸಣೆ. ಒಬ್ಬ ಅಳೆದ ಹೊಲಗಳಲ್ಲಿ ಕೆಲವನ್ನು ಆಯ್ದು ಮೇಲಿನವನು ಮತ್ತೆ ಅಳೆಯುತ್ತಿದ್ದ. ಒಬ್ಬ ತರಗತಿ ಕಟ್ಟಿದ ಹೊಲವನ್ನು ಇನ್ನೊಬ್ಬ ಮತ್ತೆ ಅಗೆದು ನೋಡುತ್ತಿದ್ದ. ಎಲ್ಲವನ್ನೂ ಮತ್ತೆ ಅಳೆಯಲಾಗದು, ಆದರೆ ಯಾವುದನ್ನು ಅಳೆಯುತ್ತಾರೆಂದು ಮೊದಲೇ ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಸರಿಯಾಗಿ ಅಳೆಯಬೇಕಾಗುತ್ತದೆ. ಅಮೆರಿಕದ ಬೆಲ್ ಟೆಲಿಫೋನ್ ಸಂಸ್ಥೆಯಲ್ಲಿ ವಾಲ್ಟರ್ ಶೂಹಾರ್ಟ್ ಸಂಖ್ಯಾಶಾಸ್ತ್ರದ ನೆಲೆಯಲ್ಲಿ ಗುಣಮಟ್ಟದ ನಿಯಂತ್ರಣವನ್ನು ರೂಪಿಸಿದ್ದು 1924ರಲ್ಲಿ; ಗುಣಮಟ್ಟದ ಐಎಸ್‌ಒ 9000 ಮಾನಕಗಳು ಬಂದದ್ದು 1987ರಲ್ಲಿ. ಮಾದರಿ ತೆಗೆದು ಪರೀಕ್ಷಿಸುವ ವಿವೇಕ ಅದಕ್ಕೂ ಮುಂಚೆ ಧಾರವಾಡದ ಎರೆ ಹೊಲಗಳಲ್ಲಿ ಹಾರೆ ಹಿಡಿದು ಓಡಾಡಿತ್ತು. ಇದರ ಉದ್ದೇಶ ಸರ್ಕಾರದ ಬೊಕ್ಕಸವೇ ಹೊರತು ರೈತನ ಉದ್ಧಾರವಲ್ಲ ಎಂಬುದು ನಿಜ. ಆದರೂ 30 ವರ್ಷಕ್ಕೊಮ್ಮೆ ಮಾತ್ರ ಬದಲಾಗುವ, ಕಾರಣ ಹೇಳಬಲ್ಲ ಕಂದಾಯ ರೈತನಿಗೂ ಒಂದು ಭರವಸೆಯಾಗಿತ್ತು.

ಸುಳ್ಳೆಂದು ಸಿದ್ಧವಾಗುವವರೆಗೆ ನಿಜ

ಸರ್ವೆ ಹೇಳಿದ್ದು ಹೊಲ ಎಷ್ಟು, ಎಂಥದು ಎಂಬುದನ್ನು. ಯಾರ ಹಕ್ಕು ಎಂಬುದನ್ನು ಅದು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಕಂದಾಯ ಕಟ್ಟುವವನ ಹೆಸರಷ್ಟೇ ಅದಕ್ಕೆ ಬೇಕಾಗಿತ್ತು. ಸಾಲ, ಅಡವು, ಹಿಸೆಗಳು ಹೆಚ್ಚಿದಾಗ ಈ ಕೊರತೆ ಎದ್ದು ಕಂಡಿತು. 1903ರಲ್ಲಿ ಮುಂಬಯಿ ಸರ್ಕಾರ ಹಕ್ಕುದಾಖಲೆಯ ಕಾನೂನು ತಂದಿತು. 1956ರ ಏಕೀಕರಣದ ನಂತರ ಐದು ಆಡಳಿತಗಳ ಐದು ಬಗೆಯ ದಾಖಲೆಗಳನ್ನು ಒಂದೇ ಎರಕಕ್ಕೆ ಸುರಿದದ್ದು 1964ರ ಭೂಕಂದಾಯ ಕಾಯಿದೆ. ಹಕ್ಕು, ಗೇಣಿ, ಬೆಳೆ ಮೂರನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಪಹಣಿ ಪತ್ರಿಕೆ ರಾಜ್ಯಕ್ಕೆಲ್ಲ ಒಂದಾಯಿತು. ಹಾವೇರಿಯ ರೈತನಿಗೆ ಅದು ಇಂದಿಗೂ ‘ಉತಾರ’.

ಈ ಕಾಯಿದೆಯ 133ನೇ ಕಲಮು ತಿಳಿದುಕೊಳ್ಳಬೇಕಾದದ್ದು. ದಾಖಲೆಯಲ್ಲಿ ಬರೆದದ್ದು ಸುಳ್ಳೆಂದು ಸಿದ್ಧವಾಗುವವರೆಗೆ ಅಥವಾ ಅದರ ಜಾಗದಲ್ಲಿ ಬೇರೆ ನಮೂದು ಆಗುವವರೆಗೆ ನಿಜವೆಂದೇ ಭಾವಿಸಬೇಕು ಎಂಬುದು ಅದರ ತಾತ್ಪರ್ಯ. ಆಸ್ಟ್ರೇಲಿಯದಲ್ಲಿ 1858ರಲ್ಲಿ ರಾಬರ್ಟ್ ಟೊರೆನ್ಸ್ ತಂದ ಪದ್ಧತಿಯಲ್ಲಿ ನೋಂದಣಿಯೇ ಹಕ್ಕು. ಅದಕ್ಕೆ ಸರ್ಕಾರವೇ ಹೊಣೆ. ನಮ್ಮಲ್ಲಿ ಹಾಗಲ್ಲ. ಉತಾರ ಹಕ್ಕಿನ ಪುರಾವೆಯೇ ಹೊರತು ಹಕ್ಕೇ ಅಲ್ಲ. ಹೀಗಿದ್ದೂ ತಪ್ಪು ನಮೂದಿನ ಭಾರವೆಲ್ಲ ಅದನ್ನು ಸುಳ್ಳೆಂದು ಸಾಧಿಸಬೇಕಾದವನ ಹೆಗಲಿಗೆ ಬೀಳುತ್ತದೆ. ಅದಕ್ಕಾಗಿಯೇ ಕಾನೂನು ಒಂದು ಕಾವಲನ್ನೂ ಇಟ್ಟಿದೆ. ಹೊಲ ಕೈಬದಲಾದರೆ ಆ ವರದಿಯನ್ನು ಚಾವಡಿಯಲ್ಲಿ ಅಂಟಿಸಬೇಕು, ಸಂಬಂಧಪಟ್ಟವರಿಗೆ ತಿಳಿಸಬೇಕು, ತಕರಾರಿಗೆ ಕಾಲ ಕೊಡಬೇಕು. ಶಾಸನದ ಕಲ್ಲನ್ನು ಊರ ನಡುವೆ ನಿಲ್ಲಿಸಿದ ವಿವೇಕವೇ ಇದು. ನೋಟೀಸು ನಿಜವಾಗಿ ಅಂಟಿತೇ, ಹಚ್ಚಿದೆನೆಂದು ಬರೆದುಕೊಂಡದ್ದು ಮಾತ್ರವೇ ಎಂಬುದರ ಮೇಲೆ ಎಷ್ಟೋ ಮನೆತನಗಳ ಹಣೆಬರಹ ನಿಂತಿತು.

ದಾಖಲೆಯ ಗುಣಮಟ್ಟ ಎಂದರೆ ಏನೆಂಬುದು 1974ರಲ್ಲಿ ನಾಡಿಗೆಲ್ಲ ತಿಳಿಯಿತು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಆ ವರ್ಷದ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿದಾರ ‘ಫಾರಂ 7’ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತ. ಅವನು ಉಳುತ್ತಿದ್ದ ಎಂಬುದಕ್ಕೆ ಪುರಾವೆ ಪಹಣಿಯ ಸಾಗುವಳಿ ಕಾಲಮು. ವರ್ಷವರ್ಷವೂ ಬೆಳೆ ನಿಂತಾಗ ಹೊಲಕ್ಕೆ ಹೋಗಿ ಉಳುವವನ ಹೆಸರು ಬರೆಯಬೇಕಿದ್ದ ಕಾಲಮು ಅದು. ಹೊಲಕ್ಕೆ ಹೋಗದೆ ಚಾವಡಿಯಲ್ಲೋ ಒಡೆಯನ ಕಟ್ಟೆಯ ಮೇಲೋ ಕುಳಿತು ಬರೆದಿದ್ದರೆ ಅಲ್ಲಿ ಒಡೆಯನ ಹೆಸರೇ ಇರುತ್ತಿತ್ತು. ಹಾಗಿದ್ದಲ್ಲಿ ಗೇಣಿದಾರ ಸಾಕ್ಷಿಗಳನ್ನು ಹುಡುಕಿಕೊಂಡು ಅಲೆದ. ಹೆಣ್ಣುಮಕ್ಕಳ ಪಾಡೂ ಇಂಥದೇ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂತು. ಆದರೆ ತಂದೆ ತೀರಿಕೊಂಡಾಗ ಬರೆಯುವ ವಾರಸಾದಲ್ಲಿ ಅವಳ ಹೆಸರು ಬರದಿದ್ದರೆ ಆ ಪಾಲು ಕಾನೂನಿನ ಪುಸ್ತಕದಲ್ಲಷ್ಟೇ ಉಳಿಯುತ್ತದೆ. ಒಂದು ಕಾಲಮಿನಲ್ಲಿ ಬರೆದ ಒಂದು ಹೆಸರು ಒಂದು ಸಂಸಾರದ ಅನ್ನವನ್ನು ನಿರ್ಧರಿಸುತ್ತದೆ.

ವತನ ಹೋಯಿತು, ತಲಾಟಿ ಬಂದ

ಮುಂಬಯಿ ಕರ್ನಾಟಕದಲ್ಲಿ ಕುಲಕರ್ಣಿ ವತನ 1951ರ ಮೇ 1ರಿಂದ ರದ್ದಾಯಿತು. ಪಾಟೀಲಕಿ ಸೇರಿ ಉಳಿದ ಗ್ರಾಮಾಧಿಕಾರದ ವತನಗಳು 1961ರ ಕಾಯಿದೆಯ ಪ್ರಕಾರ 1963ರ ಫೆಬ್ರುವರಿ 1ರಿಂದ ಕೊನೆಗೊಂಡವು. ಹುಟ್ಟಿನಿಂದ ಬರುವ ಅಧಿಕಾರದ ಜಾಗದಲ್ಲಿ ಸಂಬಳದ ನೌಕರ ಬಂದ. ಊರಿನವರ ಬಾಯಲ್ಲಿ ಅವನು ತಲಾಟಿ, ಸರ್ಕಾರದ ಭಾಷೆಯಲ್ಲಿ ಗ್ರಾಮ ಲೆಕ್ಕಾಧಿಕಾರಿ, ಈಚೆಗೆ ಗ್ರಾಮ ಆಡಳಿತ ಅಧಿಕಾರಿ. ಪ್ರಜಾಪ್ರಭುತ್ವದಲ್ಲಿ ಇದು ಆಗಬೇಕಾದದ್ದೇ. ಯಾವ ಜಾತಿಯವನಾದರೂ ಪರೀಕ್ಷೆ ಪಾಸು ಮಾಡಿ ಈ ಹುದ್ದೆಗೆ ಬರಬಹುದಾಯಿತು. ರೈತ ಒಂದೇ ಮನೆಯ ಮುಂದೆ ಕೈಕಟ್ಟಿ ನಿಲ್ಲುವುದು ತಪ್ಪಿತು.

ಆದರೆ ಈ ಬದಲಾವಣೆಯ ಜೊತೆಗೆ ಒಂದು ನಷ್ಟವೂ ಸದ್ದಿಲ್ಲದೆ ಆಯಿತು. ದಫ್ತರದ ಗಂಟು ತಲಾಟಿಯ ಕೈಗೆ ಬಂತು, ತಲೆಯಲ್ಲಿದ್ದದ್ದು ಬರಲಿಲ್ಲ. ತಲಾಟಿಗೆ ಮೂರುನಾಲ್ಕು ಹಳ್ಳಿ, ಕೆಲವೇ ವರ್ಷಕ್ಕೆ ವರ್ಗ. ಹಳೆಯ ಮೋಡಿ ಕಾಗದ ಅವನಿಗೆ ಓದಲು ಬಾರದು. ಯಾವ ಬಾಂದುಕಲ್ಲು ಎಲ್ಲಿತ್ತು ಎಂದು ಹೇಳಲು ಊರಿನ ವಾಲೀಕಾರನೇ ಬೇಕಾಯಿತು. ಸಂಬಳ ಕಡಿಮೆಯ, ಹೆಸರಿಲ್ಲದ ಆ ಕೆಳಗಿನ ನೌಕರನೇ ಎಷ್ಟೋ ಊರುಗಳಲ್ಲಿ ಸರ್ಕಾರದ ನಿಜವಾದ ನೆನಪಾಗಿ ಉಳಿದ. ಅವನ ತಿಳಿವಳಿಕೆಯನ್ನು ಯಾವ ಫಾರಮ್ಮೂ ಕೇಳಲಿಲ್ಲ. ಮೇಲಿನಿಂದ ನಡೆಯಬೇಕಾದ ವಾರ್ಷಿಕ ಜಮಾಬಂದಿಯೂ ಸರ್ವೆಯ ಮರುತಪಾಸಣೆಯೂ ಕ್ರಮೇಣ ಶಾಸ್ತ್ರಕ್ಕೆ ಎಂಬಂತಾದವು. ಹಿಸೆಯಾದ ಹೊಲಗಳಿಗೆ ಪೋಡಿಯಾಗಲಿಲ್ಲ. ಒಂದೇ ಸರ್ವೆ ನಂಬರಿನಲ್ಲಿ ಅನೇಕ ಹೆಸರುಗಳು ಜಂಟಿಯಾಗಿ ಉಳಿದವು. ನೆಲದ ಮೇಲಿನ ಬದುವಿಗೂ ಕಾಗದದ ಗೆರೆಗೂ ಅಂತರ ಬೆಳೆಯಿತು.

‘ಭೂಮಿ’ಯ ಲಾಭ, ಭೂಮಿಯ ಮಿತಿ

ಈ ಸ್ಥಿತಿಯಲ್ಲಿ ಬಂದದ್ದು ‘ಭೂಮಿ’ ಯೋಜನೆ. ಭೂದಾಖಲೆಗಳನ್ನು ಗಣಕೀಕರಿಸುವ ಪ್ರಯೋಗಗಳು 1980ರ ದಶಕದ ಕೊನೆಯಿಂದಲೇ ನಡೆದಿದ್ದರೂ ಇಡೀ ರಾಜ್ಯಕ್ಕೆ ಹರಡಿದ್ದು 1999ರ ನಂತರ. ಕಂದಾಯ ಇಲಾಖೆಯೂ ರಾಷ್ಟ್ರೀಯ ಮಾಹಿತಿ ಕೇಂದ್ರವೂ ಸೇರಿ ಸುಮಾರು 67 ಲಕ್ಷ ರೈತರ ಹತ್ತಿರಹತ್ತಿರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ತುಂಬಿದವು. 2002ರ ಹೊತ್ತಿಗೆ ಅಂದಿನ 177 ತಾಲ್ಲೂಕುಗಳಲ್ಲಿ ಕೇಂದ್ರಗಳು ತೆರೆದವು. ಅಲ್ಲಿಯವರೆಗೆ ಸುಮಾರು 9 ಸಾವಿರ ಗ್ರಾಮ ಲೆಕ್ಕಾಧಿಕಾರಿಗಳ ಕೈಬರಹದಲ್ಲಿದ್ದದ್ದು 15 ರೂಪಾಯಿ ಕೊಟ್ಟವರಿಗೆ ಅಚ್ಚಾಗಿ ಸಿಗತೊಡಗಿತು. ಕೈಬರಹದ ಉತಾರಕ್ಕೆ ಮಾನ್ಯತೆ ಹೋಯಿತು.

ಯೋಜನೆಯ ಜಾಣತನ ಯಂತ್ರದಲ್ಲಿದ್ದದ್ದಕ್ಕಿಂತ ಕ್ರಮದಲ್ಲಿತ್ತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು. ಬದಲಾವಣೆ ಮಾಡಿದವನ ಬೆರಳಚ್ಚು ದಾಖಲಾಗಬೇಕು. ಆಮೇಲೆ ‘ನಾನಲ್ಲ’ ಎನ್ನುವಂತಿಲ್ಲ. ಕೌಂಟರಿನಲ್ಲಿ ರೈತನ ಕಡೆಗೆ ಮುಖಮಾಡಿದ ಇನ್ನೊಂದು ಪರದೆ. ಒರೆಸಬಹುದಾದ ಕಡತಕ್ಕೆ ಕಲ್ಲಿನ ಗುಣ ತರುವ ಪ್ರಯತ್ನ ಎಂದು ಇದನ್ನು ಕರೆಯಬಹುದು. 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಬಂದ ‘ಸಕಾಲ’ ಇನ್ನೊಂದು ಹೆಜ್ಜೆ: ಗೊತ್ತಾದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಅರ್ಜಿದಾರನಿಗೆ ಪರಿಹಾರ. ಮೊತ್ತ ಚಿಕ್ಕದು. ಆದರೆ ಸರ್ಕಾರಿ ಸೇವೆಯ ಗುಣಮಟ್ಟಕ್ಕೆ ಒಂದು ಅಳತೆಗೋಲಿದೆ, ಅದನ್ನು ಜನ ಹಿಡಿದು ಕೇಳಬಹುದು ಎಂಬುದು ಹೊಸತು.

ಮಿತಿಗಳೂ ಸ್ಪಷ್ಟವಾಗಿವೆ. ಗಣಕಯಂತ್ರಕ್ಕೆ ತುಂಬಿದ್ದು ಹಳೆಯ ಪಹಣಿಯಲ್ಲಿ ಇದ್ದದ್ದನ್ನು. ಹೊಲಕ್ಕೆ ಹೋಗಿ ಮತ್ತೆ ನೋಡಲಿಲ್ಲ. ವಿಸ್ತೀರ್ಣ ಆಕಾರಬಂದಿಗೆ ಹೊಂದದಿದ್ದರೆ, ಸತ್ತವರ ಹೆಸರಿನಲ್ಲೇ ಖಾತೆ ಇದ್ದರೆ, ಅದು ಹಾಗೆಯೇ ಅಚ್ಚಾಯಿತು. ಕೈಬರಹದ ತಪ್ಪನ್ನು ಜನ ಅನುಮಾನದಿಂದ ನೋಡುತ್ತಿದ್ದರು. ಅಚ್ಚಾದ ತಪ್ಪಿಗೆ ಸತ್ಯದ ಕಳೆ ಬಂತು. ಮೊದಲು ಊರಲ್ಲಿಯೇ ಆಗುತ್ತಿದ್ದ ಸಣ್ಣ ತಿದ್ದುಪಡಿಗೆ ತಾಲ್ಲೂಕು ಕಚೇರಿಗೆ, ಅಲ್ಲಿಂದ ಉಪವಿಭಾಗಾಧಿಕಾರಿಯ ಕಚೇರಿಗೆ ಅಲೆಯಬೇಕಾಯಿತು. ಬೆಂಗಳೂರಿನ ಸುತ್ತಲಿನಂತಹ ಕಡೆಗಳಲ್ಲಿ ದಾಖಲೆ ಸುಲಭವಾಗಿ ಸಿಗುವುದರಿಂದ ಬಡರೈತನಿಗಿಂತ ಭೂವ್ಯಾಪಾರಿಗೇ ಹೆಚ್ಚು ಅನುಕೂಲವಾಯಿತೆಂದು ಸಂಶೋಧಕರು ಟೀಕಿಸಿದ್ದುಂಟು. ಪ್ರಿಂಗಲ್ ಕಲಿಸಿದ ಪಾಠವನ್ನು ಇಲ್ಲಿ ನೆನೆಯಬೇಕಾಗುತ್ತದೆ: ಮಾಹಿತಿಯ ರಾಶಿ ದೊಡ್ಡದಾದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ.

ಬ್ಯಾಡಗಿಯ ಚೀಲ

ಹೊಲದ ಲೆಕ್ಕದ ಈ ಕಥೆಗೆ ಪೇಟೆಯಲ್ಲೊಂದು ಜೋಡಿಯಿದೆ. ಐರಣಿಯ ನೆರೆಯ ತಾಲ್ಲೂಕಾದ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಡಬ್ಬಿ, ಕಡ್ಡಿ ಎಂಬ ಎರಡು ಬಗೆ. ಖಾರ ಕಡಿಮೆ, ಬಣ್ಣ ಗಾಢ. ಆ ಬಣ್ಣದ ಸತ್ವವಾದ ಓಲಿಯೊರೆಸಿನ್‌ಗಾಗಿ ಕಾರ್ಖಾನೆಗಳು ಇದನ್ನು ಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಬಣ್ಣಕ್ಕೆ ಅಂಕಿಯೇ ಇದೆ. ಆದರೆ ಮಾರುಕಟ್ಟೆಯಲ್ಲಿ ಖರೀದಿದಾರ ಚೀಲಕ್ಕೆ ಕೈಹಾಕಿ, ಕಾಯಿಯ ಸುಕ್ಕು, ಹೊಳಪು, ತೇವ ನೋಡಿ ದರ ಕಟ್ಟುತ್ತಾನೆ. ವರ್ಷಗಳ ಅನುಭವದಿಂದ ಬಂದ ಆ ಬೆರಳಿನ ಜ್ಞಾನವೂ ಮೌನಜ್ಞಾನವೇ. ಸರ್ಕಾರಿ ಹತೋಟಿಯ ಕೃಷಿ ಉತ್ಪನ್ನ ಮಾರುಕಟ್ಟೆ ಇ-ಟೆಂಡರ್ ತಂದು, ಲಾಟಿಗೆ ನಂಬರು ಕೊಟ್ಟು, ವ್ಯಾಪಾರಿಗಳು ಒಬ್ಬರಿಗೊಬ್ಬರು ತಿಳಿಯದಂತೆ ದರ ನಮೂದಿಸುವ ಏರ್ಪಾಟು ಮಾಡಿತು. ದರ ಬಹಿರಂಗವಾಯಿತು. ಆ ದರಕ್ಕೆ ಕಾರಣವಾದ ಗುಣದ ಅಳತೆ ರೈತನ ಕೈಗೆ ಸಿಕ್ಕಿತೇ ಎಂಬ ಪ್ರಶ್ನೆ ಉಳಿಯಿತು.

2024ರ ಮಾರ್ಚ್ 11ರಂದು ದರ ಕುಸಿದಾಗ ರೊಚ್ಚಿಗೆದ್ದ ರೈತರು ಬ್ಯಾಡಗಿ ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದರು. ದರ ಕುಸಿಯಲು ಆವಕದ ಹೆಚ್ಚಳ ಮೊದಲಾದ ಹಲವು ಕಾರಣಗಳಿರುತ್ತವೆ. ಹಿಂಸೆಯನ್ನು ಯಾವ ಕಾರಣವೂ ಸಮರ್ಥಿಸದು. ಆದರೂ ಒಂದು ಮಾತು ನಿಜ. ದರವನ್ನು ಪರದೆಯ ಮೇಲೆ ತೋರಿಸಿದರಷ್ಟೇ ಸಾಲದು. ಆ ದರ ಏಕೆ ಎಂಬುದನ್ನು ಮಾಲು ತಂದವನು ತಾನೇ ಪರೀಕ್ಷಿಸಿ ತಿಳಿಯುವಂತಿರಬೇಕು. ವಿಂಗೇಟನ ಕಾಲದ ರೈತನಿಗೆ ತನ್ನ ಹೊಲ 10 ಆಣೆಯದು ಏಕೆ ಎಂದು ಕೇಳಲು ಅಗೆದ ಗುಂಡಿಯಾದರೂ ಎದುರಿಗಿತ್ತು.

ಉಳಿದಿರುವ ಕೆಲಸ

2024ರಲ್ಲಿ ಕರ್ನಾಟಕ ಸರ್ಕಾರ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಕಾಪಾಡುವ ‘ಭೂಸುರಕ್ಷಾ’ ಕೆಲಸ ಕೈಗೊಂಡಿತು. ಗೆದ್ದಲಿಗೂ ತೇವಕ್ಕೂ ತಿದ್ದುವ ಕೈಗಳಿಗೂ ಸಿಕ್ಕಿದ್ದ ಕಾಗದಗಳಿಗೆ ಇದು ರಕ್ಷೆ. ಆದರೆ ಚಿತ್ರ ತೆಗೆದಿಟ್ಟ ಮೋಡಿ ಕಾಗದವನ್ನು ಓದುವವರು ಬೇಕು. ಟಿಪ್ಪಣಿಯ ನಕ್ಷೆಯನ್ನು ಹಿಡಿದು ಹೊಲದಲ್ಲಿ ಬಾಂದುಕಲ್ಲು ಹುಡುಕುವವರು ಬೇಕು. ಊರಿನ ಹಿರಿಯರೂ ಹಳೆಯ ವಾಲೀಕಾರರೂ ಇರುವಾಗಲೇ ಅವರಿಗೆ ಗೊತ್ತಿರುವುದನ್ನು ಕೇಳಿ ಬರೆದುಕೊಳ್ಳುವ ಕೆಲಸ ಯಾವ ಯಂತ್ರಕ್ಕೂ ಬಾರದು.

ಕಲ್ಲು, ಕಡತ, ಕಾಗದ, ಗಣಕಯಂತ್ರ ಎಂಬ ನಾಲ್ಕು ಸಾಧನಗಳ ಈ ಇತಿಹಾಸ ಒಂದು ಸಂಗತಿಯನ್ನು ಮತ್ತೆ ಮತ್ತೆ ಹೇಳುತ್ತದೆ. ಸಾಧನ ಬದಲಾದಾಗಲೆಲ್ಲ ಒಂದಿಷ್ಟು ಲಾಭವಾಗಿದೆ, ಒಂದಿಷ್ಟು ತಿಳಿವಳಿಕೆ ದಾರಿಯಲ್ಲಿ ಸೋರಿಹೋಗಿದೆ. ಲೆಕ್ಕ ಸರಿಯಾಗಿದ್ದದ್ದು ಮೂರು ಷರತ್ತುಗಳು ಕೂಡಿಬಂದಾಗ: ಬರೆಯುವವನು ಹೊಲಕ್ಕೆ ಹೋಗಿದ್ದಾಗ, ಬರೆದದ್ದನ್ನು ಇನ್ನೊಬ್ಬ ಮತ್ತೆ ನೋಡಿದ್ದಾಗ, ಊರಿನವರ ಮುಂದೆ ಅದನ್ನು ಓದಿ ಹೇಳಿದ್ದಾಗ. ಈ ಮೂರರಲ್ಲಿ ಒಂದು ತಪ್ಪಿದರೂ ಆ ತಪ್ಪಿನ ಬೆಲೆಯನ್ನು ಕಚೇರಿ ತೆತ್ತದ್ದಿಲ್ಲ. ಅದನ್ನು ತೆತ್ತವರು ಹೊಳೆದಂಡೆಯ ತುಂಡು ಹೊಲ ನಂಬಿದ ರೈತ, ಫಾರಂ 7 ಹಿಡಿದು ನಿಂತ ಗೇಣಿದಾರ, ವಾರಸಾದಲ್ಲಿ ಹೆಸರು ಬಾರದ ಮಗಳು.